ಕಪಾಟಿನಿಂದ ತಕ್ಕಡಿಗೆ

ಹಳೆ ಪೇಪರ್ ಅಂಗಡಿಯ ತಕ್ಕಡಿಗೆ ಸಾಹಿತ್ಯದ ಗೊಡವೆ ಇಲ್ಲ. ಅಲ್ಲಿ ದಿನಪತ್ರಿಕೆಗೆ ಒಂದು ದರ, ಮಕ್ಕಳ ನೋಟ್‌ಬುಕ್ಕಿಗೆ ಒಂದು ದರ, ಪುಸ್ತಕಕ್ಕೆ ಮತ್ತೊಂದು. ಗಟ್ಟಿ ಬೈಂಡು ಹಾಕಿಸಿದ ಪುಸ್ತಕವಾದರೆ ಅಂಗಡಿಯಾತ ಮೊದಲು ಅದರ ರಟ್ಟನ್ನು ಕಿತ್ತು ಬದಿಗೆ ಎಸೆಯುತ್ತಾನೆ. ರಟ್ಟಿಗೆ ಬೆಲೆ ಕಡಿಮೆ. ಒಬ್ಬ ಮೇಷ್ಟ್ರು ಮೂವತ್ತೈದು ವರ್ಷ ಸಂಬಳದಲ್ಲಿ ಉಳಿಸಿ ಉಳಿಸಿ ಕೂಡಿಸಿದ ಮೂರು ಕಪಾಟು ಪುಸ್ತಕ ಅರ್ಧ ಗಂಟೆಯಲ್ಲಿ ತೂಗಿ ಮುಗಿಯುತ್ತದೆ.

ಮಕ್ಕಳನ್ನು ದೂರುವುದು ಸುಲಭ. ಆದರೆ ಅವರ ಕಷ್ಟವೂ ಸುಳ್ಳಲ್ಲ. ಅಪ್ಪ ತೀರಿಕೊಂಡ ಮೇಲೆ ಹದಿನೈದು ದಿನದ ರಜೆ ಹಾಕಿ ಬಂದ ಮಗ ವೈಕುಂಠ ಸಮಾರಾಧನೆ ಮುಗಿಸಬೇಕು, ಬ್ಯಾಂಕಿನ ಕಾಗದ ನೋಡಬೇಕು, ಅಮ್ಮನನ್ನು ತನ್ನ ಎರಡು ಕೋಣೆಯ ಫ್ಲ್ಯಾಟಿಗೆ ಕರೆದೊಯ್ಯಬೇಕು. ಆ ಫ್ಲ್ಯಾಟಿನಲ್ಲಿ ಅಮ್ಮನ ದೇವರ ಮಂಟಪಕ್ಕೇ ಜಾಗ ಹುಡುಕಬೇಕಾದಾಗ ಮೂರು ಕಪಾಟಿನ ಮಾತೆಲ್ಲಿ? ಹತ್ತಿರದ ಗ್ರಂಥಾಲಯದಲ್ಲಿ ವಿಚಾರಿಸಿದರೆ ಅಲ್ಲೂ ಜಾಗದ್ದೇ ತಾಪತ್ರಯ. ಕೊನೆಗೆ ಉಳಿಯುವುದು ತಕ್ಕಡಿ.

ದಾರ, ದಬ್ಬಳ, ಧಾರಾವಾಹಿ

ಇಂಥ ಕಪಾಟುಗಳು ತುಂಬಿದ್ದು ಹೇಗೆಂದು ನೆನೆದರೆ ಮಾತ್ರ ಹೋದದ್ದು ಏನೆಂಬುದು ತಿಳಿದೀತು. ಕನ್ನಡದಲ್ಲಿ ಪುಸ್ತಕ ಕೂಡಿಡುವ ಹವ್ಯಾಸ ಸಿರಿವಂತರ ಶೋಕಿಯಾಗಿ ಬೆಳೆದದ್ದಲ್ಲ. ಕಾದಂಬರಿಕಾರ ಗಳಗನಾಥರು (1869–1942) ತಾವೇ ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬಾಗಿಲಿಗೆ ಬಂದು ನಿಂತ ಗ್ರಂಥಕರ್ತನಿಂದ ಪುಸ್ತಕ ಕೊಂಡ ಮನೆಯಲ್ಲಿ ಆ ಪುಸ್ತಕಕ್ಕೆ ಇದ್ದ ಮರ್ಯಾದೆಯೇ ಬೇರೆ. ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಪಕ್ಕ ಇಡುವ ವಸ್ತುವಾಗಿತ್ತು ಅದು.

ಕೊಳ್ಳಲಾರದವರೂ ಸುಮ್ಮನಿರಲಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ 'ಕಸ್ತೂರಿ' ಮಾಸಪತ್ರಿಕೆ ಹೊರಟಿತು. ಅದರ ಪುಸ್ತಕ ವಿಭಾಗದಲ್ಲಿ ಒಂದು ಇಡೀ ಗ್ರಂಥದ ಸಾರ ಸಿಗುತ್ತಿತ್ತು. ವರ್ಷದ ಹನ್ನೆರಡು ಸಂಚಿಕೆ ಒಟ್ಟುಮಾಡಿ ಬೈಂಡು ಹಾಕಿಸಿದರೆ ಅದೇ ಒಂದು ಸಣ್ಣ ಗ್ರಂಥ ಭಂಡಾರ. 1965ರಲ್ಲಿ 'ಸುಧಾ' ವಾರಪತ್ರಿಕೆ ಆರಂಭವಾಯಿತು, 1983ರಲ್ಲಿ 'ತರಂಗ' ಬಂತು. ವಾರಪತ್ರಿಕೆ ಬರುವ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂಬ ಜಗಳ ನಡೆಯದ ಮನೆ ಕಡಿಮೆ. ಎಲ್ಲರ ಓದು ಮುಗಿದ ಮೇಲೆ ಧಾರಾವಾಹಿಯ ಪುಟಗಳನ್ನು ಜೋಪಾನವಾಗಿ ಬಿಡಿಸಿ, ಕಂತು ಮುಗಿಯುವವರೆಗೆ ಹಾಸಿಗೆಯ ಕೆಳಗಿಟ್ಟು, ಆಮೇಲೆ ದಬ್ಬಳದಿಂದ ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದು, ಮೇಲೊಂದು ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದರೆ ಕಾದಂಬರಿ ಸಿದ್ಧ. ಬಹುಪಾಲು ಇದು ಹೆಂಗಸರ ಕೈಕೆಲಸ. ನಾಯಕಿ ಅಳುವ ಪುಟದ ಹಿಂದೆಯೇ ಮಾವಿನಕಾಯಿ ಗೊಜ್ಜಿನ ಅರ್ಧ ವಿಧಾನ, ಅದರ ಪಕ್ಕ ತಲೆಗೂದಲ ಎಣ್ಣೆಯ ಜಾಹೀರಾತು. ಮುದ್ರಿತ ಪುಸ್ತಕದಲ್ಲಿ ಈ ಸೊಗಸು ಎಲ್ಲಿದೆ?

ಹಳೆಯ ಪುಸ್ತಕ ಕೊಳ್ಳುವವರ ಸುಖವೂ ಇದೇ ಜಾತಿಯದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕಗಳ ರಾಶಿಯ ನಡುವೆ ಕೈಯಾಡಿಸುವವನು ಹುಡುಕುವುದು ಪುಸ್ತಕವನ್ನಷ್ಟೇ ಅಲ್ಲ. ಮೊದಲ ಪುಟದಲ್ಲಿ ಮಸಿಯಲ್ಲಿ ಬರೆದ 'ಮದುವೆಯ ಶುಭ ಸಂದರ್ಭದಲ್ಲಿ ಪ್ರೀತಿಪೂರ್ವಕವಾಗಿ' ಎಂಬ ಸಾಲು, ನಡುವೆ ಗುರುತಿಗೆಂದು ಇಟ್ಟು ಮರೆತ ಬಸ್ ಟಿಕೇಟು, ಇಪ್ಪತ್ತು ಪುಟದವರೆಗೆ ಉತ್ಸಾಹದಿಂದ ಎಳೆದು ಆಮೇಲೆ ನಿಂತೇಹೋದ ಪೆನ್ಸಿಲ್ ಗೆರೆ. (ಅಲ್ಲಿಗೆ ಓದು ನಿಂತಿತೋ ಪೆನ್ಸಿಲ್ ಕಳೆಯಿತೋ, ದೇವರೇ ಬಲ್ಲ.) ನನಗೆ ಸಿಕ್ಕ ಒಂದು ವಿಮರ್ಶಾ ಗ್ರಂಥದ ಅಂಚಿನಲ್ಲಿ ಒಬ್ಬರು ನೀಲಿ ಶಾಯಿಯಲ್ಲಿ 'ಇದು ಪೂರ್ತಿ ಸುಳ್ಳು' ಎಂದು ಬರೆದಿದ್ದಾರೆ. ಅದರ ಕೆಳಗೆ ಬೇರೊಂದು ಕೈಯ ಕೆಂಪು ಶಾಯಿ: 'ಮುಂದಿನ ಅಧ್ಯಾಯ ಓದಿ ನೋಡಿ ಸ್ವಾಮಿ.' ಲೇಖಕರ ವಾದಕ್ಕಿಂತ ಈ ಇಬ್ಬರು ಅಪರಿಚಿತರ ವಾದವೇ ನನಗೆ ಹೆಚ್ಚು ಹಿಡಿಸಿತು.

ಪುಸ್ತಕವೆಂದರೆ ಮೌನವಾಗಿ ಓದಿ ಮಡಚಿಡುವ ವಸ್ತು ಎಂಬುದು ಈಚಿನ ಕಲ್ಪನೆ. ನಮ್ಮಲ್ಲಿ ಓದುವವನು ಒಬ್ಬ, ಕೇಳುವವರು ಊರೆಲ್ಲ. ಮಳೆಗಾಲದ ರಾತ್ರಿ ಜಗಲಿಯಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ನಡುವೆ ಎದ್ದುನಿಂತು 'ಕರ್ಣ ಮಾಡಿದ್ದು ಸರಿಯೇ?' ಎಂದು ಕೇಳುವವನೊಬ್ಬ. ಆ ಪ್ರಶ್ನೆ ಮರುದಿನ ಗದ್ದೆಯ ಬದುವಿನ ಮೇಲೂ ಮುಂದುವರಿಯುತ್ತಿತ್ತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಗಮಕ ಕಲೆಗಾಗಿಯೇ. ಓದು ಬಾರದವರೂ ಕಾವ್ಯದ ಬಗ್ಗೆ ಖಚಿತ ಅಭಿಪ್ರಾಯ ಇಟ್ಟುಕೊಂಡಿದ್ದ ನಾಡು ಇದು.

ಧಾರವಾಡದ ಅಟ್ಟ

ಈ ಜಗಲಿಯ ಮಾತುಕತೆ ಅಚ್ಚಿನ ಯುಗಕ್ಕೆ ಬಂದಾಗ ಎಲ್ಲಿ ಕೂತಿತು ಎಂದು ಕೇಳಿದರೆ ನಾನು ಧಾರವಾಡದ ಸುಭಾಸ ರಸ್ತೆಯ ಒಂದು ಮಹಡಿಯನ್ನು ತೋರಿಸುತ್ತೇನೆ. ಮನೋಹರ ಗ್ರಂಥಮಾಲೆಯ ಕಚೇರಿ ಅದು. ಊರವರ ಬಾಯಲ್ಲಿ ಬರೀ 'ಅಟ್ಟ'. 'ಜಡಭರತ' ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಈ ಗ್ರಂಥಮಾಲೆಯನ್ನು ಆರಂಭಿಸಿದರು.

ಅವರ ಕ್ರಮ ಸರಳವಾದದ್ದು. ಓದುಗರು ಮುಂಗಡವಾಗಿ ಚಂದಾ ಕಟ್ಟಬೇಕು, ಗ್ರಂಥಮಾಲೆ ಪುಸ್ತಕಗಳನ್ನು ಕಳಿಸಬೇಕು. ಪ್ರಕಾಶಕರಿಗೆ ಇದರಿಂದ ಎರಡು ಅನುಕೂಲ: ಕಾಗದ ಕೊಳ್ಳಲು ಕೈಯಲ್ಲಿ ದುಡ್ಡು, ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬ ಅಂದಾಜು. ಆದರೆ ಓದುಗನ ಕಡೆಯಿಂದ ನೋಡಿದರೆ ಇದು ಜೂಜೇ ಸರಿ. ತನಗೆ ಬೇಕಾದ ಪುಸ್ತಕ ಅವನು ಆರಿಸಿಕೊಳ್ಳುವುದಿಲ್ಲ; ಇನ್ನೊಬ್ಬರು ಆರಿಸಿದ್ದು ಅಂಚೆಯಲ್ಲಿ ಬರುತ್ತದೆ. ಕಾದಂಬರಿಯ ಆಸೆಯಲ್ಲಿದ್ದವನಿಗೆ ನಾಟಕ ಬಂತು, ನಾಟಕ ಬೇಕೆಂದವನಿಗೆ ವಿಮರ್ಶೆ ಬಂತು. ಬಂದದ್ದನ್ನು ಬಿಚ್ಚಿ ಓದದೆ ವಿಧಿಯಿಲ್ಲ, ದುಡ್ಡು ಆಗಲೇ ಹೋಗಿದೆಯಲ್ಲ! ಹೀಗೆ ಓದುಗನ ರುಚಿ ತನಗೆ ಗೊತ್ತಿಲ್ಲದೆಯೇ ಬೆಳೆಯಿತು. ತಮಗೆ ಇಷ್ಟವಾದದ್ದನ್ನು ಮಾತ್ರ ಆರಿಸಿ ಓದುವವರಿಗೆ ಈ ಲಾಭ ಇಲ್ಲವೆಂದೇ ನನ್ನ ಎಣಿಕೆ.

ಯಾವ ಯಾವ ಪುಸ್ತಕಗಳು ಈ ದಾರಿಯಲ್ಲಿ ಬಂದವು ನೋಡಿ. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂತು. ಅದೇ ವರ್ಷ ಶಾಂತಿನಾಥ ದೇಸಾಯಿಯವರ 'ಮುಕ್ತಿ'. 1965ರಲ್ಲಿ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'. 1969ರಲ್ಲಿ ಎ.ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ'. ಇವುಗಳಲ್ಲಿ ಸುಲಭವಾಗಿ ಮಾರಾಟವಾಗುವ ಸರಕು ಯಾವುದೂ ಅಲ್ಲ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರಿಲ್ಲ ಎಂಬ ಕಥೆಯ ಕಾದಂಬರಿ ಮಡಿವಂತರ ಮನೆಗೂ ಅಂಚೆಯಲ್ಲಿ ಹೋಗಿ ಬಿದ್ದರೆ ಅಲ್ಲಿ ಚರ್ಚೆ ಹುಟ್ಟದೆ ಇದ್ದೀತೇ? ನಾಡಿನಾದ್ಯಂತ ಹುಟ್ಟಿತು. 1970ರ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆಯೊಡ್ಡಿದಾಗ ಅದು ಇನ್ನಷ್ಟು ಬಲಿಯಿತು.

ಆ ಅಟ್ಟಕ್ಕೆ ಬೇಂದ್ರೆಯವರು ಬಂದುಹೋಗುತ್ತಿದ್ದರು, ಕಾರ್ನಾಡರು ಬರುತ್ತಿದ್ದರು, ರಾಮಾನುಜನ್ ಬರುತ್ತಿದ್ದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು (1928–2003) ಗ್ರಂಥಮಾಲೆಯ ಸಲಹೆಗಾರರು. ಕಣ್ಣುಮುಚ್ಚಿ ಮಾತಾಡಲು ಕೂತರೂ ಪುಟಗಟ್ಟಲೆ ನೆನಪಿನಿಂದ ಹೇಳಬಲ್ಲವರೆಂದು ಹೆಸರಾದವರು. ಹಸ್ತಪ್ರತಿ ಓದಿ ಒಳ್ಳೆಯದು ಕೆಟ್ಟದ್ದು ಮುಖಕ್ಕೆ ಹೇಳುವ ಗೆಳೆಯರು ಸಿಗುವುದು ಲೇಖಕನ ಭಾಗ್ಯ. ಓದುಗನಿಗೂ ಅದೇ ಭಾಗ್ಯ, ಏಕೆಂದರೆ ಪುಸ್ತಕ ತನ್ನ ಕೈಗೆ ಬರುವ ಮೊದಲೇ ಯಾರೋ ಅದರೊಡನೆ ಜಗಳ ಆಡಿ ಮುಗಿಸಿರುತ್ತಾರೆ. ಜೋಶಿಯವರು 1993ರಲ್ಲಿ ತೀರಿಕೊಂಡ ಮೇಲೆ ಅವರ ಮಗ ರಮಾಕಾಂತ ಜೋಶಿಯವರು ಅಟ್ಟವನ್ನು ನಡೆಸಿಕೊಂಡು ಬಂದರು. 2025ರಲ್ಲಿ ಅವರೂ ಹೋದರು.

ಮೇಲಿನ ಆ ಚಂದಾ ಪುಸ್ತಕಗಳೇ ಇಂದು ತಕ್ಕಡಿಗೆ ಹೋಗುತ್ತಿರುವ ಕಪಾಟುಗಳಲ್ಲಿರುವುದು. ಹುಬ್ಬಳ್ಳಿಯಲ್ಲಿ, ಬಾಗಲಕೋಟೆಯಲ್ಲಿ, ಮುಂಬಯಿಯ ಕನ್ನಡಿಗರ ಮನೆಗಳಲ್ಲಿ, ಹೊದಿಕೆ ಹಾಕಿ ಮೇಲೆ ಅಂಕಿ ಬರೆದು ಸಾಲಾಗಿ ನಿಲ್ಲಿಸಿದ್ದು.

ಕೊಟ್ಟವರು, ಕೂಡಿಟ್ಟವರು

ಕೂಡಿಡುವವರಲ್ಲಿ ಎರಡು ಪಂಗಡ. ಕೇಳಿದವರಿಗೆಲ್ಲ ಕೊಡುವವರು ಒಂದು, ಗಾಜಿನ ಬಾಗಿಲಿಗೆ ಬೀಗ ಹಾಕುವವರು ಇನ್ನೊಂದು. ಎರವಲು ಹೋದ ಪುಸ್ತಕ ತವರಿಗೆ ಮರಳದ ಕಥೆ ಎಲ್ಲರ ಮನೆಯಲ್ಲೂ ಇದೆ. ಬೀಗದವರಿಗೆ ಅವರದೇ ಕಾರಣವಿದೆ. ಕೆಲವರು ಒಂದು ನೋಟ್‌ಬುಕ್ ಇಟ್ಟು, ಒಯ್ದವರ ಹೆಸರು, ತಾರೀಖು ಬರೆಸಿಕೊಳ್ಳುತ್ತಾರೆ. ಭಾವಮೈದನ ಕೈಯಲ್ಲಿ ರುಜು ಹಾಕಿಸಿಕೊಳ್ಳಲು ದಾಕ್ಷಿಣ್ಯವಾದರೂ ಹಾಕಿಸಿಕೊಳ್ಳುವುದೇ ಮೇಲು. ಬೀಗ ಹಾಕಿದವರ ಪುಸ್ತಕ ಒಂದೂ ಕಳೆಯುವುದಿಲ್ಲ ನಿಜ. ಆದರೆ ಅದರಲ್ಲಿ ಏನಿದೆಯೆಂದು ಮನೆಯಲ್ಲಿ ಎರಡನೆಯವರಿಗೆ ತಿಳಿಯುವುದೂ ಇಲ್ಲ. ಯಜಮಾನರ ಕಾಲ ಮುಗಿದೊಡನೆ ಅದು ಮರದ ಪೀಠೋಪಕರಣ ಮತ್ತು ಕಾಗದ, ಅಷ್ಟೇ.

ಈ ಮಾತಿಗೆ ಇಬ್ಬರ ಉದಾಹರಣೆ ಕೊಡಬೇಕು. ಇಬ್ಬರೂ ಪ್ರಾಧ್ಯಾಪಕರಲ್ಲ, ಸಾಹಿತಿಗಳಲ್ಲ.

ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಕನ್ನಡ ಎಂ.ಎ. ಮಾಡಿ, ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದವರು. ಸಂಬಳದ ಬಹುಭಾಗ ಪುಸ್ತಕಕ್ಕೆ ಹೋಯಿತು. ಸಾಲದ್ದಕ್ಕೆ ಮೈಸೂರಿನ ಮನೆಯನ್ನೂ ಮಾರಿದರು. ಉದ್ಯಮಿ ಹರಿ ಖೋಡೆಯವರ ನೆರವಿನಿಂದ ಕಟ್ಟಡ ಎದ್ದಿತು. ಇಂದು ಅಲ್ಲಿರುವ ಪುಸ್ತಕಗಳನ್ನು ಲಕ್ಷಗಳಲ್ಲಿ ಎಣಿಸಬೇಕು. ಕಪಾಟು ತುಂಬಿ ನೆಲಕ್ಕಿಳಿದಿವೆ, ನೆಲ ತುಂಬಿ ರಾಶಿಯಾಗಿವೆ. ಬೇಕಾದವರು ಹೋಗಿ ಓದಬಹುದು, ದುಡ್ಡಿಲ್ಲ. ದೊಡ್ಡ ಗ್ರಂಥಾಲಯಗಳಂತೆ ಚೀಟಿ ನೋಡಿ ಪುಸ್ತಕ ತರಿಸುವ ವ್ಯವಸ್ಥೆ ಅಲ್ಲಿ ನಿರೀಕ್ಷಿಸಬೇಡಿ. ಶಿಸ್ತಿನ ಗ್ರಂಥಪಾಲಕರಿಗೆ ಇದು ಸಂಕಟದ ನೋಟವಾದೀತು. ಹುಡುಕುವ ಚಟದವರಿಗೆ ಹಬ್ಬ. ಇಷ್ಟು ಅಗಾಧ ಸಂಗ್ರಹ ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಂತಿದೆಯಲ್ಲ ಎಂಬುದೇ ಅದರ ಹೆಮ್ಮೆ, ಅದರ ಚಿಂತೆಯೂ ಹೌದು.

ಮತ್ತೊಬ್ಬರು ಮೈಸೂರಿನ ರಾಜೀವನಗರದ ಸೈಯದ್ ಇಸಾಕ್. ಶಾಲೆಯ ಮೆಟ್ಟಿಲು ಹತ್ತಲಾಗದ ಕೂಲಿಕಾರ, ಒಳಚರಂಡಿ ಕೆಲಸ ಮಾಡಿ ಬದುಕಿದವರು. ತಮಗೆ ಸಿಗದ ಓದು ಕೇರಿಯವರಿಗೆ ಸಿಗಲೆಂದು 2011ರಲ್ಲಿ ಷೆಡ್ಡಿನಂಥ ಜಾಗದಲ್ಲಿ ಗ್ರಂಥಾಲಯ ತೆರೆದರು. ದಿನವೂ ಕೈಯಿಂದ ದುಡ್ಡು ಹಾಕಿ ಪತ್ರಿಕೆ ತರಿಸುತ್ತಿದ್ದರು. ಸುಮಾರು 11,000 ಪುಸ್ತಕ ಸೇರಿತ್ತು, ಹೆಚ್ಚಿನವು ಕನ್ನಡದವು. ಭಗವದ್ಗೀತೆಯೂ ಇತ್ತು, ಕುರಾನೂ ಇತ್ತು. 2021ರ ಏಪ್ರಿಲ್ ತಿಂಗಳಲ್ಲಿ ಒಂದು ಬೆಳಗಿನ ಜಾವ ಎಲ್ಲ ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡಿದೊಡನೆ ನಾಡಿನ ಒಳಗಿನಿಂದ, ಹೊರಗಿನಿಂದ ಜನ ದುಡ್ಡು ಕೊಡಲು, ಪುಸ್ತಕ ಕಳಿಸಲು ಮುಂದೆ ಬಂದರು. ತಂತಮ್ಮ ಕಪಾಟಿನಿಂದ ತೆಗೆದ ಪುಸ್ತಕಗಳೇ ಅವು. ಬೆಂಕಿ ಬೀಳುವವರೆಗೆ ನಮ್ಮ ಕಪಾಟಿಗೆ ಹೀಗೊಂದು ವಿಳಾಸ ಇದೆಯೆಂದು ನಮಗೆ ಹೊಳೆದಿರಲಿಲ್ಲ, ಅದೊಂದು ವಿಚಿತ್ರ.

ಹಾಗಾದರೆ ಮೂರು ಕಪಾಟಿನ ಒಡೆಯರು ಮಾಡಬೇಕಾದ್ದೇನು? ಕೈಕಾಲು ಗಟ್ಟಿ ಇರುವಾಗಲೇ ಒಂದು ಪಟ್ಟಿ ಬರೆಯಬೇಕು. ಪುಸ್ತಕದ ಹೆಸರು, ಲೇಖಕರು, ಅಚ್ಚಾದ ವರ್ಷ ಇಷ್ಟಿದ್ದರೆ ಸಾಕು. 'ಒಂದು ಲೋಡು ಹಳೆ ಪುಸ್ತಕ ಇದೆ, ಬೇಕೇ?' ಎಂದು ಕೇಳಿದರೆ ಯಾವ ಸಂಸ್ಥೆಯೂ ಹೂಂಗುಟ್ಟಲಾರದು. ಪಟ್ಟಿ ಕಂಡರೆ ಹತ್ತನ್ನಾದರೂ ಗುರುತು ಮಾಡೀತು. ಸಂಶೋಧನೆಗೆ ಒದಗುವಂಥವು ವಿಶ್ವವಿದ್ಯಾಲಯಕ್ಕೆ ಹೋಗಲಿ. ಕಾದಂಬರಿ, ಮಕ್ಕಳ ಪುಸ್ತಕ ಹುಟ್ಟೂರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಲಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವ ನಾವು ಆ ಗ್ರಂಥಾಲಯದ ಒಳಗೆ ಕಾಲಿಟ್ಟು ಎಷ್ಟು ವರ್ಷವಾಯಿತೆಂಬುದನ್ನೂ ಆ ನೆಪದಲ್ಲಿ ಲೆಕ್ಕ ಹಾಕಬಹುದು. ಇನ್ನು ಅಂಚಿನಲ್ಲಿ ನೀವೇ ಟಿಪ್ಪಣಿ ಬರೆದ ಪುಸ್ತಕಗಳನ್ನು ಸಂಸ್ಥೆಗಳಿಗೆ ಕೊಡುವುದಕ್ಕಿಂತ, ನಿಮ್ಮ ಜೊತೆ ವಾದ ಮಾಡುತ್ತಿದ್ದ ಗೆಳೆಯರಿದ್ದರೆ ಅವರಿಗೆ ಕೊಡುವುದೇ ವಾಸಿ. ಉತ್ತರ ಬರೆಯಲು ಅವರಿಗೂ ಒಂದಿಷ್ಟು ಅಂಚು ಉಳಿದಿರುತ್ತದೆ.

ಒಂದು ಬಗೆಯ ಪುಸ್ತಕವನ್ನು ಮಾತ್ರ ಯಾವ ಗ್ರಂಥಾಲಯವೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಮುಖಪುಟವಿಲ್ಲ, ಪ್ರಕಾಶಕರಿಲ್ಲ, ಬೆಲೆಯಿಲ್ಲ. ಕ್ಯಾಲೆಂಡರಿನ ಹೊದಿಕೆಯ, ದಬ್ಬಳದಲ್ಲಿ ಹೊಲಿದ ಆ ಧಾರಾವಾಹಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಬಹಳಷ್ಟು ಸಲ ಅದರಲ್ಲಿ ಕೊನೆಯ ಒಂದೆರಡು ಕಂತು ಇರುವುದಿಲ್ಲ. ಆ ವಾರ ಪತ್ರಿಕೆ ಬಂದಿರಲಿಲ್ಲವೋ, ಪಕ್ಕದ ಮನೆಯವರು ಒಯ್ದವರು ಕೊಡಲಿಲ್ಲವೋ. ಕಥೆ ಕೊನೆಗೆ ಏನಾಯಿತೆಂದು ತಿಳಿಯಬೇಕಾದರೆ ಅಜ್ಜಿಯನ್ನೇ ಕೇಳಬೇಕು.