ಸಾಮ್ಯ-ವೈಷಮ್ಯಗಳ ಅಳತೆ

ಜೋಳವನ್ನು ಸೇರಿನಿಂದಲೂ, ಅರಿವೆಯನ್ನು ಮೊಳದಿಂದಲೂ, ಹೊಲವನ್ನು ಎಕರೆಯಿಂದಲೂ ಅಳೆಯುತ್ತೇವೆ. ಒಂದರ ಮಾನವು ಮತ್ತೊಂದಕ್ಕೆ ಸಲ್ಲದು. ಮನುಷ್ಯರೊಳಗಿನ ಮೇಲುಕೀಳುಗಳನ್ನು ಅಳೆಯುವುದಾದರೂ ಹೀಗೆಯೇ. ಒಂದೊಂದು ಶಾಸ್ತ್ರಕ್ಕೆ ಒಂದೊಂದು ಮಾನವುಂಟು. ಈ ವಿಚಾರವನ್ನು ವಾಚಕರ ಮುಂದಿಡಲು ನಾವು ನಮ್ಮ ಕೊಪ್ಪಳದ ಸೀಮೆಯನ್ನು ಬಿಟ್ಟು ದೂರ ಹೋಗಬೇಕಾದುದಿಲ್ಲ.

ಮೊದಲು ಇತಿಹಾಸವನ್ನು ನೋಡೋಣ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಎಂಬ ಸ್ಥಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಪ್ರಾಕೃತ ಶಾಸನಗಳಿವೆ. ಅವು 1931ರಲ್ಲಿ ಬೆಳಕಿಗೆ ಬಂದವು. ಧರ್ಮದಲ್ಲಿ ಉದ್ಯುಕ್ತನಾದರೆ ಸ್ವರ್ಗಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯುವುದೆಂಬುದು ಅಲ್ಲಿಯ ತಾತ್ಪರ್ಯ. ಸಣ್ಣವನಿಗೆ ಅಲ್ಲಿರುವ ಶಬ್ದ 'ಖುದಕ', ಸಂಸ್ಕೃತದಲ್ಲಿ 'ಕ್ಷುದ್ರಕ'. ವೈಯಾಕರಣನು ಶಬ್ದವನ್ನು ಬಿಡಿಸಿ ಅಷ್ಟಕ್ಕೆ ತೃಪ್ತನಾದಾನು. ಇತಿಹಾಸಕಾರನಾದರೋ ಮುಂದಿನ ಪ್ರಶ್ನೆಯನ್ನು ಕೇಳುತ್ತಾನೆ: ಸಣ್ಣವನಿಗೂ ಫಲವುಂಟೆಂದು ಕಲ್ಲಿನ ಮೇಲೆ ಕೆತ್ತಿಸಬೇಕಾಗಿ ಬಂದುದೇಕೆ? ಇಲ್ಲವೆಂದು ತಿಳಿದವರು ಅಂದಿಗೂ ಇದ್ದಿರಬೇಕಷ್ಟೆ.

ಅರ್ಥಶಾಸ್ತ್ರಜ್ಞನಿಗೆ ಬೇಕಾದುದು ಅಂಕಿ. 2002ರಲ್ಲಿ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕರ್ನಾಟಕದ 175 ತಾಲೂಕುಗಳನ್ನು 35 ಸೂಚಕಗಳಿಂದ ತೂಗಿ, 114 ಹಿಂದುಳಿದಿವೆಯೆಂದು ವರದಿಯಿತ್ತಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಕುಷ್ಟಗಿಯೂ ಯಲಬುರ್ಗಾವೂ ಆ 39ರಲ್ಲಿ ಸೇರಿದವು; ಗಂಗಾವತಿ ಸೇರಲಿಲ್ಲ. ಕಾರಣವು ಕಣ್ಣಿಗೆ ಕಾಣುವಂತಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯನ್ನು ಬತ್ತದ ನಾಡನ್ನಾಗಿ ಮಾಡಿತು. ಮಿಕ್ಕೆರಡು ತಾಲೂಕುಗಳ ಎರೆಯೂ ಮಸಾರಿಯೂ ಬಹುಮಟ್ಟಿಗೆ ಮುಗಿಲನ್ನೇ ನಂಬಿದವು.

ಹಾಗಾದರೆ ಕಾಲುವೆ ಹರಿದಲ್ಲಿ ವೈಷಮ್ಯವೂ ಕೊಚ್ಚಿಹೋಯಿತೆನ್ನಬಹುದೆ? ಸಮಾಜಶಾಸ್ತ್ರಜ್ಞನು ಒಪ್ಪುವುದಿಲ್ಲ. ಅವನು ಬೆಳೆಯ ಚೀಲಗಳನ್ನೆಣಿಸುವುದಿಲ್ಲ. ಕ್ಷೌರದಂಗಡಿಯ ಕುರ್ಚಿ ಯಾರಿಗೆ, ಹೋಟೆಲಿನ ಒಳಗು ಯಾರಿಗೆ ಎಂದು ನೋಡುತ್ತಾನೆ. ಅದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಈ ಎರಡು ಕಡೆಗಳಿಗೂ ದಲಿತರಿಗೆ ಪ್ರವೇಶವನ್ನು ನಿರಾಕರಿಸಿದ್ದರಿಂದ ಬೆಳೆದ ವೈರವು, 2014ರ ಆಗಸ್ಟಿನಲ್ಲಿ ಅವರ ಮನೆಗಳಿಗೆ ಬೆಂಕಿಯಿಡುವವರೆಗೆ ಹೋಯಿತು. ನೀರು ಬಂದ ಊರಿಗೆ ಸಾಮ್ಯವೂ ಬಂದಿತೆಂಬ ನಿಯಮವಿಲ್ಲ.

ಆಮೇಲೆ ಬರುವುದು ಕಾನೂನು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಮರಕುಂಬಿಯ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ, 3 ಮಂದಿಗೆ ಐದು ವರ್ಷ ಶಿಕ್ಷೆಯನ್ನು ವಿಧಿಸಿತು. ವ್ಯಾಜ್ಯವು ಮೇಲ್ಮನವಿಯಾಗಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಆದರೆ ಕಾನೂನು ಅಪರಾಧವಾದ ಮೇಲೆ ಕಣ್ಣು ತೆರೆಯುವಂಥದು. ಅಪರಾಧದ ಬೀಜವು ಮೊಳೆಯುವ ಸ್ಥಳಕ್ಕೆ ಅದರ ದೃಷ್ಟಿ ಮುಟ್ಟದು.

ಆ ಸ್ಥಳವು ಯಾವುದು? ನಮ್ಮ ಬಾಲ್ಯದ ಮಾತನ್ನು ಹೇಳುತ್ತೇವೆ. ನಮ್ಮ ಮನೆಯಲ್ಲಿ ಹೊಲದ ಆಳಿಗೆಂದು ಒಂದು ಚಹದ ಬಟ್ಟಲು ದನದ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿರುತ್ತಿತ್ತು. ಅವನೇ ಅದನ್ನು ತೊಳೆದು, ಅಲ್ಲಿಯೇ ಬೋರಲಿಟ್ಟು ಹೋಗುತ್ತಿದ್ದನು. ನಾವು ಪಡಸಾಲೆಯಲ್ಲಿ ಕುಳಿತು ಸಮದರ್ಶಿತ್ವದ ಶ್ಲೋಕಗಳನ್ನು ಉರುಹೊಡೆಯುತ್ತಿದ್ದೆವು; ಆ ಬಟ್ಟಲನ್ನು ದಿನವೂ ಕಂಡರೂ, ಅದರ ಅರ್ಥವು ನಮಗೆ ಹೊಳೆಯಲಿಲ್ಲ. ಹೊಳೆಯುವ ವೇಳೆಗೆ ಆ ಆಳು ತೀರಿಕೊಂಡಿದ್ದನು.

ಶಾಸ್ತ್ರಗಳು ತಂತಮ್ಮ ಮಾನದಿಂದ ಅಳೆಯಲಿ. ಗೃಹಸ್ಥರಾದ ನಾವು ನಮ್ಮ ಮನೆಯ ಗೂಡುಗಳನ್ನೊಮ್ಮೆ ನೋಡಿಕೊಳ್ಳೋಣ. ಅಲ್ಲಿ ಇನ್ನೂ ಒಂದು ಬಟ್ಟಲು ಬೇರೆಯಾಗಿದ್ದರೆ, ಅದನ್ನು ಮಿಕ್ಕ ಬಟ್ಟಲುಗಳ ಸಾಲಿಗೆ ಸೇರಿಸಲು ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ.