ಎಲೆಯೊಳಗಿನ ಹಗ್ಗ

ಮುಳ್ಳಂಚಿನ ಎಲೆ ಕಂಡರೆ ನಾವು ದೂರ ಸರಿಯುತ್ತೇವೆ. ಅಂಥ ಎಲೆಗಳಿಂದಲೇ ಬೇಲಿ, ದಾರ, ಹಗ್ಗ ಮಾಡಿಕೊಂಡ ಜನರಿದ್ದಾರೆ. ಮೆಕ್ಸಿಕೊದ ದಕ್ಷಿಣ ಭಾಗ, ಗ್ವಾಟೆಮಾಲ, ಬೆಲೀಜ್‌ಗಳಲ್ಲಿ ಇಂದಿಗೂ ಲಕ್ಷಾಂತರ ಸಂಖ್ಯೆಯಲ್ಲಿರುವ ಮಾಯಾ ಜನರು ಅವರಲ್ಲಿ ಪ್ರಮುಖರು.

ಅವರ ನಾಡಿನಲ್ಲಿ ಬ್ರೊಮೀಲಿಯಡ್ ಕುಟುಂಬದ ಸಸ್ಯಗಳು ಹೇರಳ. ಈ ಕುಟುಂಬದ 3,000ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕ ಖಂಡಗಳವು. ನಮಗೆಲ್ಲ ಪರಿಚಿತವಾದ ಸದಸ್ಯನೆಂದರೆ ಅನಾನಸ್. 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಕೊಲಂಬಸ್ ಕಂಡ ಈ ಹಣ್ಣನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಇಂದು ಬನವಾಸಿಯ ಸುತ್ತಮುತ್ತ ಅದು ಮುಖ್ಯ ಬೆಳೆ.

ನಾವು ಹಣ್ಣು ತಿಂದು ಎಲೆ ಎಸೆಯುತ್ತೇವೆ. ಮಾಯಾ ಜನರ ಕ್ರಮ ಬೇರೆ. ಅನಾನಸ್ಸಿನ ಬಂಧುವಾದ ಬ್ರೊಮೀಲಿಯ ಪಿಂಗ್ವಿನ್ ಗಿಡವನ್ನು ಹಿತ್ತಲ ಸುತ್ತ ನೆಟ್ಟರೆ ದನ ನುಗ್ಗದ ಬೇಲಿಯಾಯಿತು. ಅದರ ಹುಳಿ ಹಣ್ಣು ತಿನ್ನಲು, ಎಲೆಯ ನಾರು ದಾರಕ್ಕೆ. ಮರದ ಕೊಂಬೆಗಳ ಮೇಲೆ ಬೆಳೆಯುವ ಟಿಲಾಂಡ್ಸಿಯ ಗಿಡಗಳಿಂದ ಚಿಯಾಪಸ್ ಬೆಟ್ಟಗಳ ಮಾಯಾ ಜನರು ಹಬ್ಬದ ದಿನ ಶಿಲುಬೆಗಳನ್ನು ಸಿಂಗರಿಸುತ್ತಾರೆ, ನಾವು ಬಾಗಿಲಿಗೆ ಮಾವಿನ ತೋರಣ ಕಟ್ಟುವಂತೆ.

ಇದೆಲ್ಲ ದೂರದ ಮಾತೆನ್ನಬೇಡಿ. ತಾಂಡವಪುರ, ನಂಜನಗೂಡು ಕಡೆಯ ಹೊಲದ ಬದುಗಳಲ್ಲಿ ಕಾಣುವ ಕತ್ತಾಳೆಯ ತವರೂ ಮೆಕ್ಸಿಕೊ. ಎಲೆ ಅನಾನಸ್ಸಿನಂತೆ ಕಂಡರೂ ಕುಟುಂಬ ಮಾತ್ರ ಬೇರೆ. ಯುಕಟಾನಿನ ಮಾಯಾ ಜನರು ಕತ್ತಾಳೆಯ ಹತ್ತಿರದ ಜಾತಿಯೊಂದರಿಂದ ಹಗ್ಗ ಹೊಸೆದರು. ‘ಸಿಸಾಲ್’ ಎಂಬ ನಾರಿನ ಹೆಸರು ಅಲ್ಲಿಯ ಬಂದರಿನದು.

ನಮ್ಮ ಹಿರಿಯರೂ ಕತ್ತಾಳೆ ಕೊಯ್ದು, ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು ನಾರು ತೆಗೆಯುತ್ತಿದ್ದರು. ನೀರಿನಲ್ಲಿರುವ ಬ್ಯಾಕ್ಟೀರಿಯಗಳು ನಾರುಗಳನ್ನು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುತ್ತವೆ. ಮೆದು ತಿರುಳು ಕೊಳೆಯುತ್ತದೆ, ಗಟ್ಟಿ ನಾರು ಉಳಿಯುತ್ತದೆ. ‘ಸೂಕ್ಷ್ಮಜೀವಿ’ ಎಂಬ ಪದ ಕೇಳದವರೂ ಅವುಗಳಿಂದ ಕೆಲಸ ಮಾಡಿಸಿಕೊಂಡಿದ್ದರು! ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಹೊಸೆಯುವ ಕೈಗಳು ಕಡಿಮೆಯಾದವು. ಗಿಡ ಬದುವಿನಲ್ಲಿದೆ, ವಿದ್ಯೆ ಮರೆಯಾಗುತ್ತಿದೆ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಕತ್ತಾಳೆಯ ರಸ ಮೈಗೆ ತಾಗಿದರೆ ತುರಿಕೆಯಾಗುವುದರಿಂದ ಅದು ಬೇಡ. ಅನಾನಸ್ ಹಣ್ಣಿನ ತಲೆಯ ಮೇಲಿನ ಒಂದು ಎಲೆಯನ್ನು ಹಲಗೆಯ ಮೇಲಿಟ್ಟು, ಚಮಚದ ಅಂಚಿನಿಂದ ಮೆಲ್ಲನೆ ಕೆರೆಯಿರಿ. ಹಸಿರು ಹೋಗಿ ಬಿಳಿಯ ಎಳೆಗಳು ಕಾಣುತ್ತವೆ. ಊರಿನಲ್ಲಿ ಹಗ್ಗ ಹೊಸೆಯಬಲ್ಲ ಅಜ್ಜನಿದ್ದರೆ ಆ ಎಳೆಗಳನ್ನು ಅವರ ಕೈಗೆ ಕೊಡಿ. ಮುಂದಿನ ಪಾಠ ಅವರೇ ಹೇಳಿಕೊಡುತ್ತಾರೆ.