ಪಡ ಕೀಳುವ ಮೊದಲು ಬುಡ ಮುಚ್ಚಿ ನೋಡಿದೆ

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ರೈತ. ಎಂಟು ಎಕರೆ ಎರಿ ಹೊಲ ಇದೆ. ಆರು ಎಕರೆಯಲ್ಲಿ ಮಳೆಯನ್ನೇ ನಂಬಿ ಬಿಳಿಜೋಳ, ಕಡಲೆ, ತೊಗರಿ ಬೆಳೀತೀನಿ. ಬೋರಿನ ನೀರು ಇರುವ ಎರಡು ಎಕರೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ. ದ್ರಾಕ್ಷಿ ತೋಟಕ್ಕೆ ನಮ್ಮ ಕಡೆ ಪಡ ಅಂತೀವಿ. ಹಣ್ಣು ಮಾರುವುದಿಲ್ಲ, ಒಣದ್ರಾಕ್ಷಿ ಮಾಡ್ತೀವಿ. ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಒಂದು ಕಿಲೋ ಸಿಗುತ್ತದೆ.

2021ರ ಅಕ್ಟೋಬರ್ 12ಕ್ಕೆ ಎರಡೂ ಎಕರೆ ಒಂದೇ ದಿನ ಚಾಟ್ನಿ ಮಾಡಿದೆ. ಹಸ್ತ, ಚಿತ್ತಿ ಮಳೆ ಮುಗಿದರೆ ಆಕಾಶ ತಿಳಿಯಾಗುತ್ತದೆ ಅನ್ನುವುದು ಹಿಂದಿನಿಂದ ಬಂದ ಲೆಕ್ಕ. ಆ ವರ್ಷ ಲೆಕ್ಕ ತಪ್ಪಿತು. ನವೆಂಬರಿನಲ್ಲಿ ಗೊನೆ ಹೂವಾಡುವ ಹೊತ್ತಿಗೆ ದಿನವೂ ಮೋಡ, ಮಳೆ. ದಾವಣಿ ರೋಗ (ಬೂಜು ತುಪ್ಪಟ) ಬಂದು ಗೊನೆಗಳು ಕಂದಿ ಉದುರಿದವು. ಮಳೆ ನಿಂತಾಗೆಲ್ಲ ಔಷಧ ಹೊಡೆದೆ. ಖರ್ಚಾಯಿತೇ ಹೊರತು ಬೆಳೆ ಉಳಿಯಲಿಲ್ಲ. ಸರಾಸರಿ 35 ಕ್ವಿಂಟಲ್ ಒಣದ್ರಾಕ್ಷಿ ಆಗುವ ಪಡದಲ್ಲಿ ಸಿಕ್ಕಿದ್ದು 6 ಕ್ವಿಂಟಲ್. ಬದುವಿನ ಆಚೆ ಇದ್ದ ಜೋಳ ಅದೇ ಮಳೆಗೆ ಎದೆಯುದ್ದ ಬೆಳೆದು ನಿಂತಿತ್ತು.

ಸಾಲ ತುಂಬಲು ಮನೆಯಾಕಿಯ ಕೊರಳಿನ ಸರ ಅಡವಿಟ್ಟೆ. ಮಗ ಅಂದ: "ಅಪ್ಪಾ, ಸಾಕಿನ್ನ. ಪಡ ಕಿತ್ತು ಕಬ್ಬು ಹಚ್ಚೂಣು."

"ಕಬ್ಬಿಗೆ ನೀರ ಎಲ್ಲಿಂದ ತರ್ತೀಯೋ?" ಅಂದೆ. ಅವನಲ್ಲಿ ಉತ್ತರ ಇರಲಿಲ್ಲ, ನನ್ನಲ್ಲೂ ಬೇರೆ ದಾರಿ ಇರಲಿಲ್ಲ.

ಮನೆಯಾಕಿ ಅಂದಳು: "ಸರ ಮತ್ತ ಬಿಡಿಸಿಕೊಳ್ಳಬಹುದು. ಕಿತ್ತ ಬಳ್ಳಿ ಮತ್ತ ಬರೂದಿಲ್ಲ. ಇನ್ನ ಎರಡ ವರ್ಷ ನೋಡ್ರಿ."

ಅಪ್ಪನ ಎಡೆ ಕುಂಟೆ

ಯೋಚಿಸುತ್ತಾ ಕೂತಾಗ ಅಪ್ಪ ನೆನಪಾದ. ಹಿಂಗಾರಿ ಜೋಳದಲ್ಲಿ ಅವನು ಕಸ ಇಲ್ಲದಿದ್ದರೂ ಎಡೆ ಹೊಡೀತಿದ್ದ. ಎರಿ ಭೂಮಿ ಒಣಗಿದರೆ ಬಿರಿಯುತ್ತದೆ. ಆ ಬಿರುಕಿನಿಂದ ಒಳಗಿನ ಹಸಿ ಆರಿ ಹೋಗುತ್ತದೆ. ಎಡೆ ಹೊಡೆದರೆ ಬಿರುಕು ಮುಚ್ಚಿ, ಮೇಲಿನ ಪುಡಿಮಣ್ಣೇ ಹೊದಿಕೆ ಆಗುತ್ತದೆ. ನಾನು ಜೋಳಕ್ಕೆ ಈ ಬುದ್ಧಿ ಉಪಯೋಗಿಸುತ್ತಿದ್ದೆ. ದ್ರಾಕ್ಷಿಗೆ ಮಾತ್ರ ಬೋರು ಇದೆಯಲ್ಲ ಅಂತ ಬುಡ ಬರಿದಾಗಿ ಬಿಟ್ಟಿದ್ದೆ.

2022ರ ಏಪ್ರಿಲ್ ಚಾಟ್ನಿ ಮುಗಿದ ಮೇಲೆ ಕಬ್ಬಿನ ರವದಿ ತಂದು ಸಾಲಿನುದ್ದಕ್ಕೂ ನಾಲ್ಕು ಬೆರಳು ದಪ್ಪ ಹಾಸಿದೆ. ಕಾಂಡದಿಂದ ಒಂದು ಗೇಣು ಬಿಟ್ಟು ಹಾಸಬೇಕು. ತಾಗಿಸಿದರೆ ಬುಡದಲ್ಲಿ ಹಸಿ ನಿಂತು ತೊಂದರೆ. ಮಳೆಗಾಲದಲ್ಲಿ ಸಾಲುಗಳ ನಡುವೆ ಸೆಣಬು ಬಿತ್ತಿ, ಹೂವಿಗೆ ಬಂದಾಗ ಕೊಯ್ದು ಅಲ್ಲೇ ಬುಡಕ್ಕೆ ಹಾಕಿದೆ.

ನೀರಿನ ಲೆಕ್ಕ ಹೇಳ್ತೀನಿ. ನನ್ನದು 9x5 ಅಡಿ ಅಂತರ, ಎಕರೆಗೆ 968 ಬಳ್ಳಿ. ಬಳ್ಳಿಗೆ ತಾಸಿಗೆ 4 ಲೀಟರಿನ ಎರಡು ಡ್ರಿಪ್ಪರ್. ಬೇಸಿಗೆಯಲ್ಲಿ ದಿನಾ ಎರಡು ತಾಸು ಬಿಡ್ತಿದ್ದೆ. ರವದಿ ಹಾಸಿದ ಮೇಲೆ ಒಂದು ತಾಸು ಇಪ್ಪತ್ತು ನಿಮಿಷ ಸಾಕಾಯಿತು. ಎರಡು ಎಕರೆಗೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಉಳಿತಾಯ, ಅಂದರೆ 5,000 ಲೀಟರಿನ ಎರಡು ಟ್ಯಾಂಕರ್. ನನ್ನ ಪರೀಕ್ಷೆ ಸರಳ: ರವದಿ ಸರಿಸಿ ಒಂದು ಗೇಣು ಆಳದ ಮಣ್ಣು ತೆಗೆದು ಹಿಸುಕುವುದು. ಉಂಡೆ ಆದರೆ ಅವತ್ತು ಮೋಟಾರು ಚಾಲೂ ಮಾಡುವುದಿಲ್ಲ.

ಎರಡು ಚಾಟ್ನಿ, ಎರಡು ದಿನ

ರವದಿ ಬರಕ್ಕೆ ಆಗುತ್ತದೆ, ಅಕಾಲದ ಮಳೆಗೆ ಆಗುವುದಿಲ್ಲ. ದಾವಣಿಯ ಬೀಜಾಣು ಎಲೆ ಮೇಲಿನ ನೀರಿನಲ್ಲಿ ಈಜಿ ಒಳಗೆ ಹೊಗುತ್ತದೆ. ಎಲೆ ಬೇಗ ಒಣಗಿದರೆ ಅದಕ್ಕೆ ದಾರಿ ಇಲ್ಲ. ಅದಕ್ಕೆ ಮೂರು ಕೆಲಸ ಮಾಡಿದೆ.

ಒಂದು, ಎರಡೂ ಎಕರೆ ಒಂದೇ ದಿನ ಚಾಟ್ನಿ ಮಾಡುವುದು ಬಿಟ್ಟೆ. ಈಗ ಒಂದಕ್ಕೂ ಇನ್ನೊಂದಕ್ಕೂ ಇಪ್ಪತ್ತು ದಿನ ಅಂತರ. ಎರಡೂ ಒಟ್ಟಿಗೆ ಹೂವಿನಲ್ಲಿ ಸಿಗಬಾರದು.

ಎರಡು, ಚಿಗುರು ಒಡೆದು ಗೊನೆ ಕಾಣಿಸಿದ ಕೂಡಲೇ ಗೊನೆಯಿಲ್ಲದ ಹೆಚ್ಚಿನ ಕುಡಿ ತೆಗೆಯುವುದು. ಪಡದ ಕೆಳಗೆ ಬಿಸಿಲಿನ ಚುಕ್ಕಿ ಬೀಳಬೇಕು.

ಮೂರು, ಯೂರಿಯಾ ಕಡಿಮೆ. ನನ್ನ ಬಳ್ಳಿ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ್ದು. ಈ ಬೇರು ಸವಳು ನೀರು, ಬರ ಎರಡನ್ನೂ ತಾಳುತ್ತದೆ. ಆದರೆ ಸೊಕ್ಕು ಜಾಸ್ತಿ. ಗೊಬ್ಬರ, ನೀರು ಹೆಚ್ಚಾದರೆ ಬರೀ ಎಲೆ. ಏಪ್ರಿಲ್ ಚಾಟ್ನಿ ಆಗಿ 40ರಿಂದ 60 ದಿನದೊಳಗೆ ಮುಂದಿನ ಗೊನೆ ಕಣ್ಣಿನಲ್ಲಿ ಕೂಡುತ್ತದೆ. ಆಗ ನೀರು ಬಿಗಿ ಹಿಡಿಯಬೇಕು, ಬಿಸಿಲು ಬಿಡಬೇಕು.

ಔಷಧ ಪೂರ್ತಿ ಬಿಟ್ಟೆ ಅಂದರೆ ಸುಳ್ಳಾದೀತು. ಮಳೆಯ ಸೂಚನೆ ಇದ್ದರೆ ಮಳೆಗಿಂತ ಮೊದಲೇ ಹೊಡೀತೀನಿ. ರೋಗ ಕಂಡ ಮೇಲೆ ಓಡಾಡುವುದು ಬಿಟ್ಟಿದ್ದೀನಿ.

ಫಲ ಏನು?

2022ರಲ್ಲಿ ಮೊದಲು ಚಾಟ್ನಿ ಮಾಡಿದ ಎಕರೆ ಮಳೆಗೆ ಸಿಕ್ಕಿತು, 7 ಕ್ವಿಂಟಲ್ ಮಾತ್ರ. ತಡವಾಗಿ ಮಾಡಿದ್ದು 19 ಕ್ವಿಂಟಲ್ ಕೊಟ್ಟಿತು. ಎರಡನ್ನೂ ಒಂದೇ ದಿನ ಮಾಡಿದ್ದರೆ ಆ ವರ್ಷವೇ ಪಡ ಕೀಳುತ್ತಿದ್ದೆ.

2023ರಲ್ಲಿ ಉಲ್ಟಾ, ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರ ಘೋಷಿಸಿತು. ನನ್ನ ಜೋಳ ಮೊಣಕಾಲೆತ್ತರಕ್ಕೇ ಒಣಗಿತು. ಬೋರು ಒಂದು ತಾಸಿಗೆ ಗಾಳಿ ಉಗುಳುತ್ತಿತ್ತು, ತಡೆದು ತಡೆದು ನಡೆಸಿದೆ. ಊರಲ್ಲಿ ಟ್ಯಾಂಕರ್ ಹೊಡೆಸಿದವರು ಬಹಳ ಮಂದಿ. ನಾನು ಹೊಡೆಸಲಿಲ್ಲ. ಎರಡೂ ಎಕರೆಯಿಂದ 30 ಕ್ವಿಂಟಲ್ ಬಂತು. ಸರ ಮನೆಗೆ ಬಂದದ್ದು ಆ ವರ್ಷ.

ತೊಂದರೆಗಳೂ ಇವೆ

ರವದಿಯಲ್ಲಿ ಇಲಿ ಸೇರುತ್ತದೆ, ಡ್ರಿಪ್ ಪೈಪು ಕಡಿಯುತ್ತದೆ. ಒಂದು ಬೀಡಿ ಕಿಡಿ ಸಾಕು, ಪಡ ಸುಟ್ಟೀತು. ಕೂಲಿಯವರಿಗೆ ಹೇಳಿ ಇಡಬೇಕು. ದಾವಣಿ ತಗುಲಿದ ಎಲೆಯನ್ನು ಹೊದಿಕೆಗೆ ಸೇರಿಸಬಾರದು. ತಡವಾದ ಚಾಟ್ನಿಯ ಕಾಯಿ ಚಳಿಗೆ ಸಿಕ್ಕಿ ನಿಧಾನ ದಪ್ಪ ಆಗುತ್ತದೆ. ಕೊಯ್ಲು ಏಪ್ರಿಲಿಗೆ ಹೋದರೆ ಗಾಳಿ ಮಳೆಯ ಅಂಜಿಕೆ. ಪಡದ ಮೇಲೆ ಪ್ಲಾಸ್ಟಿಕ್ ಹೊದಿಸಿದವರೂ ಇದ್ದಾರೆ. ಮಳೆಗೆ ಅದು ಒಳ್ಳೆಯದೇ, ಆದರೆ ಅದರ ಖರ್ಚು ನನ್ನಂಥವನಿಗೆ ಎಟುಕುವುದಿಲ್ಲ.

ಏಳನೇ ಇಯತ್ತೆ ಓದಿದವನು ನಾನು. ಹವಾಮಾನ ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಮಳೆ ಹಳೆಯ ನಕ್ಷತ್ರದ ಮಾತು ಕೇಳುತ್ತಿಲ್ಲ ಅನ್ನುವುದಂತೂ ಹೊಲದಲ್ಲೇ ಕಾಣುತ್ತಿದೆ. ಈಗ ಮಗನೇ ರವದಿ ಹೇರಿಕೊಂಡು ಬರ್ತಾನೆ, ಕಬ್ಬಿನ ಮಾತು ಎತ್ತುವುದಿಲ್ಲ. ಪಡ ಇದ್ದವರು ಮೊದಲು ನಾಲ್ಕು ಸಾಲಿಗೆ ಮಾತ್ರ ರವದಿ ಹಾಸಿ, ಪಕ್ಕದ ಬರಿ ಸಾಲಿನ ಮಣ್ಣು, ಇದರ ಮಣ್ಣು ಎರಡೂ ಹಿಸುಕಿ ನೋಡಿರಿ. ಇಲಿಗೆ ಯಾರಾದರೂ ಒಳ್ಳೆಯ ಉಪಾಯ ಕಂಡಿದ್ದರೆ ಈ ಪತ್ರಿಕೆಗೆ ಬರೆಯಿರಿ. ನನಗೆ ಅದು ಬೇಕಾಗಿದೆ.